ಎರಡು ಇಂಚು ಇಪ್ಪತ್ತು ಸೆಂಟ್ ಮಳೆ

2025ರ ಮಾರ್ಚ್ 3, ಸೋಮವಾರ. ಬೆಳಿಗ್ಗೆ 10.20ಕ್ಕೆ ವಿರಾಜಪೇಟೆಯ ತುಳಸಿ ಎಂಬವರು ಸಂಪಾಜೆ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಬಟ್ಟೆ ಹೊಲಿದು ಬದುಕುವ ಹೆಂಗಸು. ಗಂಡ ಇಲ್ಲ. ಒಬ್ಬನೇ ಮಗ ಮಿಲನ್, ಇಪ್ಪತ್ತಾರು ವರ್ಷ, ಹಿಂದಿನ ದಿನ ಸಂಪಾಜೆಯಿಂದ ಏಳು ಕಿಲೋಮೀಟರ್ ಒಳಗಿರುವ ಕೊಳಗದಪಾರೆ ಅಬ್ಬಿಯಲ್ಲಿ ಸತ್ತಿದ್ದ. ಸ್ನೇಹಿತರ ಜೊತೆ ಜಲಪಾತ ನೋಡಲು ಹೋದವನು. ಶವ ಇನ್ನೂ ಆಸ್ಪತ್ರೆಯಲ್ಲಿತ್ತು.

ತುಳಸಿ ಕುಳಿತುಕೊಳ್ಳಲಿಲ್ಲ. ಬರೆದು ತಂದಿದ್ದ ಹಾಳೆಯನ್ನು ಇನ್‌ಸ್ಪೆಕ್ಟರ್ ಸಾಂತಪ್ಪನ ಮೇಜಿನ ಮೇಲಿಟ್ಟರು.

"ನನ್ನ ಮಗ ಕೊಚ್ಚಿಕೊಂಡು ಹೋದದ್ದಲ್ಲ. ಜೊತೆಗೆ ಹೋದ ಅಭಿಲಾಷ್ ಕೊಂದಿದ್ದಾನೆ."

"ಅಮ್ಮ, ನಿನ್ನೆಯೇ ಅಸಹಜ ಸಾವು ಅಂತ ಕೇಸ್ ಆಗಿದೆ. ಮೇಲೆ ಗುಡ್ಡದಲ್ಲಿ ಮಳೆ ಸುರಿದು ನೀರು ನುಗ್ಗಿದೆ."

"ಮಳೆ ನೀವು ನೋಡಿದ್ರಾ?"

"ಅಬ್ಬಿ ಪಕ್ಕದ ಹೋಮ್‌ಸ್ಟೇಯವರು ಹೇಳಿದ್ದಾರೆ."

"ಅವರು ಹೇಳಿದ್ರೆ ಆಯ್ತಾ? ನನ್ನ ಮಗನ ಉಗುರಲ್ಲಿ ಚರ್ಮ ಇದೆ. ನಿನ್ನೆ ಆಸ್ಪತ್ರೇಲಿ ಕೈ ಹಿಡ್ಕೊಂಡಾಗ ನೋಡಿದೆ. ಆ ಅಭಿಲಾಷ್ ಈ ಸೆಕೆಗೆ ಕುತ್ತಿಗೆವರೆಗೆ ಅಂಗಿ ಗುಂಡಿ ಹಾಕ್ಕೊಂಡು ಮೂಲೇಲಿ ನಿಂತಿದ್ದ. ಯಾಕೆ ಅಂತ ಕೇಳಿ."

ಹಿಂದಿನ ದಿನ ಶವ ನೋಡಿದವನು ಸಾಂತಪ್ಪ. ಉಗುರು ನೋಡಿರಲಿಲ್ಲ. ತಪ್ಪು ತೋರಿಸಿಕೊಟ್ಟವರ ಮೇಲೆ ಸಿಟ್ಟು ಬರುವುದು ಅವನ ಸ್ವಭಾವ. ಆದರೆ ಈ ಹೆಂಗಸಿನ ಮೇಲೆ ಸಿಟ್ಟು ಮಾಡಲು ಅವನಿಗೂ ಬಾಯಿ ಬರಲಿಲ್ಲ. 11.05ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 103ರಡಿ, ಅಂದರೆ ಕೊಲೆ ಎಂದು, ಎಫ್‌ಐಆರ್ ದಾಖಲಾಯಿತು. ಸಿಟ್ಟು ಪೂರ್ತಿ ಅಭಿಲಾಷನಿಗಾಗಿ ಉಳಿಯಿತು.

ಅಭಿಲಾಷ್ ವಿರಾಜಪೇಟೆಯ ಒಂದು ಕರಿಮೆಣಸಿನ ಮಂಡಿಯಲ್ಲಿ ಕೆಲಸಕ್ಕಿದ್ದವನು. ಮಿಲನ್ ಜೊತೆ ಒಂದನೇ ಕ್ಲಾಸಿನಿಂದ ಓದಿದವನು. ಸಂಜೆ 4ಕ್ಕೆ ಅವನನ್ನು ತಂದು ಕೂರಿಸಿದರು.

"ಅಂಗಿ ಬಿಚ್ಚು."

ಬಿಚ್ಚಿದ. ಕುತ್ತಿಗೆಯ ಎಡಕ್ಕೆ ನಾಲ್ಕು ಗೀರು. ಹೊಸದು.

"ಯಾರದ್ದು ಇದು?"

"ಕಲ್ಲು ತರಚಿದ್ದು ಸಾರ್."

"ಕಲ್ಲಿಗೆ ನಾಲ್ಕು ಬೆರಳು ಇರ್ತದೇನೋ? ನಿನ್ನೆ ಏನು ಹೇಳಿದ್ದೆ? ನಾನು ನೀರಿಗೇ ಇಳಿದಿಲ್ಲ ಅಂತ. ಹೌದಾ?"

ಸಾಂತಪ್ಪ ಮೇಜು ಗುದ್ದಿದ, ಬೈದ, ಕೊನೆಗೆ ಕೈಯನ್ನೂ ಎತ್ತಿದ. ಪಕ್ಕದಲ್ಲಿ ಹೇಳಿಕೆ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಸರೋಜ ಕೆಮ್ಮಿದಳು. ಎತ್ತಿದ ಕೈ ಕೆಳಗಿಳಿಯಿತು. ಹುಡುಗ ಬಾಯಿ ಬಿಡಲಿಲ್ಲ.

ಅಬ್ಬಿಗೆ ಹೋದವರಲ್ಲಿ ಮೂರನೆಯವಳು ರಶ್ಮಿತಾ, ವಿರಾಜಪೇಟೆಯ ಖಾಸಗಿ ಶಾಲೆಯ ಟೀಚರ್. ಆ ದಿನ ಅಬ್ಬಿಯ ಎದುರು, ಜನ ನಿಂತು ನೋಡುವ ಕಟ್ಟೆಯ ಮೇಲೆ ನಿಂತಿದ್ದಳು. ಅವಳನ್ನು ಸಾಂತಪ್ಪ ಒಂದು ಗಂಟೆ ಪ್ರಶ್ನಿಸಿದ. ಮಿಲನ್ ಮೇಲೆ ಮನಸ್ಸಿತ್ತಾ, ಅಭಿಲಾಷ್ ಮೇಲಾ? ಇಬ್ಬರ ನಡುವೆ ನಿನ್ನ ವಿಷಯಕ್ಕೆ ಜಗಳ ಆಗಿತ್ತಾ? "ನಾವು ಫ್ರೆಂಡ್ಸ್ ಸಾರ್," ಎಂದು ಅವಳು ಹನ್ನೊಂದು ಸಲ ಹೇಳಿದಳು. ಸರೋಜ ಹನ್ನೊಂದು ಸಲವೂ ಬರೆದಳು.

ಮಳೆಯ ಮಾತು ಹೇಳಿದ್ದು ತೀರ್ಥಪ್ರಸಾದ್. ಅಬ್ಬಿಯ ಪಕ್ಕದ ಹೋಮ್‌ಸ್ಟೇ ಅವನದೇ, ಅಬ್ಬಿಯ ಮೇಲಿನ ಹದಿನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟವೂ ಅವನದೇ. ಐವತ್ತೆರಡು ವರ್ಷ, ಮರ್ಯಾದಸ್ಥ. ಸಾವಿನ ದಿನ ಪೊಲೀಸರಿಗೆಲ್ಲ ಕಾಫಿ ಕೊಟ್ಟವನು. ಮಳೆ ಪುಸ್ತಕವನ್ನೂ ತಾನೇ ತಂದು ತೋರಿಸಿದ್ದ. ಕೊಡಗಿನ ತೋಟದ ಮನೆಗಳಲ್ಲಿ ಇದು ಇರುವುದೇ. ಅಂಗಳದಲ್ಲಿ ಅಳತೆ ಡಬ್ಬಿ, ಒಳಗೆ ಪುಸ್ತಕ, ದಿನವೂ ಬಿದ್ದ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆಯುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಬೀಳದ ದಿನ ಸೊನ್ನೆ. ಅವನ ಪುಸ್ತಕ 1961ರಿಂದ ಇತ್ತು. ಮಾರ್ಚ್ 2ರ ಎದುರು "2 ಇಂಚು 20 ಸೆಂಟ್. ಬೆಳಿಗ್ಗೆ 10ರಿಂದ 11" ಎಂದು ಬರೆದಿತ್ತು.

"ಡಬ್ಬಿ ಮೇಲಿನ ತೋಟದಲ್ಲಿ ಇಟ್ಟಿದ್ದೇನೆ ಸಾರ್. ಕೆಳಗೆ ಬಿಸಿಲು, ಮೇಲೆ ಮಳೆ. ನಮ್ಮಲ್ಲಿ ಹಾಗೇ. ಅಬ್ಬಿಗೆ ಬರುವ ತೋಡು ಒಮ್ಮೆಲೇ ತುಂಬಿತು. ಎಂತ ಮಾಡುದು, ಕೆಳಗೆ ಇಳೀಬೇಡಿ ಅಂತ ಹೇಳಿದ್ದೆ. ಈಗಿನ ಮಕ್ಕಳು ಕೇಳ್ತವಾ?"

ಅಕ್ಕಪಕ್ಕದ ತೋಟದವರನ್ನು ಕೇಳಿದರು. ತಮ್ಮಲ್ಲಿ ಹನಿ ಬಿದ್ದಿಲ್ಲ, ಆಚೆ ಗುಡ್ಡದ್ದು ಗೊತ್ತಿಲ್ಲ ಎಂದರು. ಅಷ್ಟಕ್ಕೇ ಬಿಟ್ಟರು. ನೀರು ಬಂದದ್ದು ಹೇಗಾದರೂ ಇರಲಿ, ಬಂದ ನೀರಿಗೆ ಗೆಳೆಯನನ್ನು ದೂಡಿದವನು ಅಭಿಲಾಷ್ ಎಂದು ಸಾಂತಪ್ಪ ತೀರ್ಮಾನಿಸಿದ್ದ.

ಮುಂದಿನ ಒಂಬತ್ತು ದಿನ ಅಭಿಲಾಷ್ ದಿನವೂ ಬೆಳಿಗ್ಗೆ ವಿರಾಜಪೇಟೆಯಲ್ಲಿ ಬಸ್ಸು ಹತ್ತಿ ವಿಚಾರಣೆಗೆಂದು ಠಾಣೆಗೆ ಬಂದು ಕುಳಿತ. ಮೂರನೇ ದಿನ ಮಂಡಿಯವರು ಕೆಲಸ ಬಿಡಿಸಿದರು. ಆರನೇ ದಿನ ಯಾರೋ ಅವನ ಮನೆಯ ಗೋಡೆಗೆ ಸಗಣಿ ಎಸೆದರು. ಮರಣೋತ್ತರ ವರದಿ ಬಂತು: ನೀರಿನಲ್ಲಿ ಮುಳುಗಿ ಸಾವು, ತಲೆಗೆ ಕಲ್ಲಿನ ಪೆಟ್ಟು, ಉಗುರಿನಲ್ಲಿ ಬೇರೊಬ್ಬರ ಚರ್ಮ. ಬಂಧಿಸುವ ಮೊದಲು ಸ್ಥಳದಲ್ಲಿ ಇನ್ನೊಂದು ಮಹಜರು ಮಾಡುವುದೆಂದಾಯಿತು.

ಮಾರ್ಚ್ 12, ಬುಧವಾರ, ಬೆಳಿಗ್ಗೆ 9.45. ಜೀಪು ಅಬ್ಬಿಯ ಹತ್ತಿರ ನಿಂತಿತು. ಸಾಂತಪ್ಪ, ಸರೋಜ, ಅಭಿಲಾಷ್, ಇಬ್ಬರು ಪಂಚರು. ಅಬ್ಬಿ ಎನ್ನಲು ಅಲ್ಲಿ ಏನೂ ಇರಲಿಲ್ಲ. ಅರವತ್ತು ಅಡಿ ಎತ್ತರದ ಕರಿ ಬಂಡೆ, ಅದರ ಮೇಲೆ ಬೆರಳಷ್ಟು ದಪ್ಪದ ಒಂದು ನೀರಿನ ಗೆರೆ. ಹೋಮ್‌ಸ್ಟೇಯ ಬೋರ್ಡಿನಲ್ಲಿ ಮಾತ್ರ ಹಾಲಿನಂಥ ಜಲಪಾತ ಧುಮುಕುತ್ತಿತ್ತು. "ವರ್ಷಪೂರ್ತಿ" ಎಂದೂ ಬರೆದಿತ್ತು.

ಸರೋಜ ಅಬ್ಬಿ ನೋಡುತ್ತಿರಲಿಲ್ಲ. ಅದರ ಮೇಲಿನ ಗುಡ್ಡ ನೋಡುತ್ತಿದ್ದಳು.

"ಸಾರ್, ಹೂ ಎಲ್ಲಿ?"

"ಎಂಥ ಹೂ?"

"ಕಾಫಿ ಹೂ. ಇವತ್ತಿಗೆ ಹತ್ತು ದಿನ ಆಯ್ತಲ್ಲ ಸಾರ್."

"ನೆಟ್ಟಗೆ ಹೇಳಮ್ಮ."

"ನಮ್ಮ ಮನೇಲೂ ಎರಡು ಎಕರೆ ಇದೆ. ಈ ತಿಂಗಳಲ್ಲಿ ಒಂದು ಇಂಚು ಮಳೆ ಬಿದ್ರೆ ಒಂಬತ್ತು ಹತ್ತು ದಿನಕ್ಕೆ ಗುಡ್ಡ ಇಡೀ ಬೆಳ್ಳಗಾಗ್ತದೆ. ಇವ್ರಿಗೆ ಎರಡು ಇಂಚು ಇಪ್ಪತ್ತು ಸೆಂಟ್ ಬಿದ್ದಿದೆ. ಡಬ್ಬಿ ಇರೋದು ಇದೇ ತೋಟದಲ್ಲಿ. ನೋಡಿ."

ಅವಳು ಬೇಲಿಯಾಚೆ ಕೈ ಹಾಕಿ ಒಂದು ಕೊಂಬೆ ಬಗ್ಗಿಸಿದಳು. ಮೊಗ್ಗುಗಳು ಬೆಂಕಿಕಡ್ಡಿಯ ತಲೆಯಂತೆ ಗಟ್ಟಿಯಾಗಿ, ಮುಚ್ಚಿಕೊಂಡು ಕುಳಿತಿದ್ದವು. ರಸ್ತೆಯ ಕೆಳಗೆ, ಸ್ಪ್ರಿಂಕ್ಲರ್ ಹಾಕಿದ ಬೇರೆಯವರ ತೋಟ ಪೂರ್ತಿ ಬೆಳ್ಳಗಿತ್ತು. ಅದರ ವಾಸನೆ ಇಲ್ಲಿಯವರೆಗೂ ಬರುತ್ತಿತ್ತು.

ಸಾಂತಪ್ಪ ಕೊಂಬೆಯನ್ನೂ ಕೆಳಗಿನ ತೋಟವನ್ನೂ ಎರಡೆರಡು ಸಲ ನೋಡಿದ.

"ಹಾಗಾದ್ರೆ ನೀರು ಎಲ್ಲಿಂದ ಬಂತು?"

"ಮೇಲೆ ಹತ್ತಿ ನೋಡ್ಬೇಕು ಸಾರ್. ಆವತ್ತೇ ಹತ್ತಬೇಕಿತ್ತು."

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳಿಗೆ ಬೈಗುಳ ಖಾತ್ರಿ ಇತ್ತು. ಸಾಂತಪ್ಪ ಹತ್ತಲು ಶುರು ಮಾಡಿದ.

10.40ಕ್ಕೆ ಕೆರೆ ಸಿಕ್ಕಿತು. ಅಬ್ಬಿಗೆ ಇಳಿಯುವ ಹಳ್ಳಕ್ಕೆ, ಆ ತೋಡಿಗೆ, ಅಡ್ಡ ಕಲ್ಲು ಕಟ್ಟೆ ಕಟ್ಟಿ ಮಾಡಿದ್ದು. ಮಳೆ ತಡವಾದರೆ ಇದೇ ನೀರನ್ನು ಮೇಲಕ್ಕೆ ಹಾಯಿಸಿ ತೋಟಕ್ಕೆ ಹೂ ಬಿಡಿಸುತ್ತಾರೆ. ಕೆರೆಯ ತಳದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ತೂಬಿನ ಬಾಯಿ ಹಾರು ಹೊಡೆದಿತ್ತು. ಪಕ್ಕದ ಪಂಪ್ ಶೆಡ್ಡಿನಲ್ಲಿ ತೂಬನ್ನು ಮುಚ್ಚುವ ಐದು ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಒಂದೂ ಮುರಿದಿರಲಿಲ್ಲ. ನೀರು ಹಲಗೆಯನ್ನು ತೆಗೆದು ಜೋಡಿಸಿಡುವುದಿಲ್ಲ. ಪಂಚನಾಮೆ ಬರೆದರು, ಹಲಗೆ ಜಪ್ತಿ ಮಾಡಿದರು.

ಇಳಿಯುವಾಗ ಸಾಂತಪ್ಪ ಅಭಿಲಾಷನನ್ನು ಒಂದು ಕಲ್ಲಿನ ಮೇಲೆ ಕೂರಿಸಿದ.

"ಈಗ ಹೇಳು. ಕುತ್ತಿಗೆ ಯಾರು ಗೀರಿದ್ದು?"

"ಮಿಲನ್."

"ಯಾಕೆ?"

ಹತ್ತು ದಿನದ ಮೇಲೆ ಅಭಿಲಾಷ್ ಬಾಯಿ ಬಿಟ್ಟ. "ಇಬ್ರೂ ಅಬ್ಬಿ ಬುಡದ ನೀರಿನ ಗುಂಡೀಲಿ ಇದ್ವಿ ಸಾರ್. ಏನೋ ಗುಡುಗಿದ ಹಾಗೆ ಸದ್ದಾಯ್ತು. ನೋಡೋದ್ರೊಳಗೆ ನೀರು ಮೈಮೇಲೆ. ಅವನು ನನ್ನ ಕುತ್ತಿಗೆ ಹಿಡ್ಕೊಂಡ. ನಾನೂ ಮುಳುಗ್ತಾ ಇದ್ದೆ. ಒಂದು ಕೈ ಬಂಡೆ ಸಂದೀಲಿತ್ತು. ಇನ್ನೊಂದು ಕೈಲಿ ಅವನ ಬೆರಳು ಬಿಡಿಸಿದೆ. ಒಂದೊಂದೇ ಬಿಡಿಸಿದೆ ಸಾರ್. ಅವನ ಅಮ್ಮನಿಗೆ ಇದನ್ನ ಹೇಗೆ ಹೇಳ್ಲಿ? ಕೊಂದೆ ಅಂತಾನೇ ಬರ್ಕೊಳ್ಳಿ, ಅದೇ ವಾಸಿ ಅಂತ ಸುಮ್ಮನಿದ್ದೆ."

ಸರೋಜ ಬರೆಯುವುದನ್ನು ನಿಲ್ಲಿಸಿದಳು. ಸಾಂತಪ್ಪ ಕಣ್ಣಿನಲ್ಲೇ ಬರೆ ಎಂದ. ಬರೆದಳು.

ಕೆರೆ ನೋಡಿಕೊಳ್ಳುತ್ತಿದ್ದವನು ಲಿಂಗ ಎಂಬ ಆಳು. ತೋಟದಾಳುಗಳ ಲೈನ್‌ಮನೆಗಳಲ್ಲಿ ಅವನದಕ್ಕೆ ಬೀಗ. ಮಾರ್ಚ್ 2ರ ಸಂಜೆಯೇ ತೀರ್ಥಪ್ರಸಾದ್ ಅವನನ್ನು ಕುಟ್ಟದ ತಂಗಿಯ ಮನೆಗೆ ಕಳಿಸಿದ್ದ. ಮರುದಿನ ಬೆಳಿಗ್ಗೆ 8.30ಕ್ಕೆ ಸರೋಜ ಅಲ್ಲಿಂದಲೇ ಅವನನ್ನು ಕರೆತಂದಳು. ಲಿಂಗ ಯಾವುದನ್ನೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ತಂಗಿ ಮನೆಗೆ ಹೋಗು ಎಂದಷ್ಟೇ ಹೇಳಿದ್ದ.

"ಗೆಸ್ಟ್ ಬಂದಾಗ ಸಾವುಕಾರ್ರು ಮಿಸ್ ಕಾಲ್ ಕೊಡ್ತಾರೆ. ನಾನು ಒಂದು ಹಲಗೆ ಎತ್ತೋದು. ಅರ್ಧ ಗಂಟೆ ಬಿಟ್ಟು ಹಾಕೋದು. ಕೆಳಗೆ ಅಬ್ಬಿ ಬೀಳ್ತದೆ. ಗೆಸ್ಟಿಗೆ ಖುಷಿ."

"ಎಷ್ಟು ವರ್ಷದಿಂದ?"

"ಮೂರು ಬೇಸಿಗೆ ಆಯ್ತು."

"ಆ ದಿನ?"

"ಮೊದಲು ಮಿಸ್ ಕಾಲ್ ಬಂತು. ಒಂದು ಎತ್ತಿದೆ. ಸ್ವಲ್ಪ ಹೊತ್ತಿಗೆ ಫೋನ್ ಮಾಡಿ ಮಾತಾಡಿದ್ರು. ಎಲ್ಲಾ ಎತ್ತು ಅಂದ್ರು. ಎಲ್ಲಾ ಎತ್ತಿದ್ರೆ ತೋಟಕ್ಕೆ ನೀರಿಲ್ಲ, ಹೂವಿಗೆ ಎಂತ ಮಾಡೋದು ಅಂತ ಕೇಳಿದೆ. ಎತ್ತೋ ಅಂತ ಬೈದ್ರು."

"ಕೆಳಗೆ ಜನ ಇದ್ದಾರಾ ಅಂತ ಕೇಳ್ಲಿಲ್ವಾ?"

"ಮೇಲಿಂದ ನಂಗೆ ಕಾಣೋದಿಲ್ಲ ಸಾರ್. ಅವ್ರಿಗೆ ಕಾಣ್ತದೆ. ಅವ್ರು ಹೇಳಿದ ಮೇಲೆ ನಾನು ಎಂತ ಕೇಳೋದು?"

ಫೋನ್ ಕಂಪನಿಯ ವಿವರ ಅದಕ್ಕೆ ಸರಿಹೊಂದಿತು. 10.31ಕ್ಕೆ ಮಿಸ್ ಕಾಲ್. 10.52ಕ್ಕೆ ಮೂವತ್ತೊಂದು ಸೆಕೆಂಡಿನ ಮಾತು. ಇವೆರಡರ ನಡುವೆ ಏನಾಯಿತು?

ರಶ್ಮಿತಾಳನ್ನು ಮತ್ತೆ ಕರೆಸಿದರು. ಅವಳು ತನ್ನ ಫೋನನ್ನು ಮೇಜಿನ ಮೇಲಿಟ್ಟು ವಿಡಿಯೋ ಹಾಕಿದಳು. 10.47. ಬಂಡೆಯ ಮೇಲೆ ಸಣ್ಣಗೆ ನೀರು ಇಳಿಯುತ್ತಿದೆ. ಮಿಲನ್ ಕ್ಯಾಮೆರಾ ಕಡೆ ತಿರುಗಿ ನಗುತ್ತಾನೆ. "ಫ್ರೆಂಡ್ಸ್, ಇದೇ ಅಂತೆ ಭಯಂಕರ ಜಲಪಾತ. ಅಂಕಲ್, ನಮ್ಮ ಮನೆ ನಲ್ಲೀಲಿ ಇದಕ್ಕಿಂತ ಜೋರು ಬರ್ತದೆ. ಒಂದು ಬಕೆಟ್ ಇಟ್ರೆ ಸಂಜೆಗೆ ತುಂಬಬಹುದು ನೋಡಿ." ಹಿಂದಿನಿಂದ ಅಭಿಲಾಷನ ನಗು, ರಶ್ಮಿತಾಳ ನಗು. ಪಕ್ಕದಲ್ಲಿ ನಿಂತ ತೀರ್ಥಪ್ರಸಾದ್ ನಗುತ್ತಿಲ್ಲ.

"ಆಮೇಲೆ?"

"ಅವ್ರಿಬ್ರೂ ರೀಲ್ಸ್ ಮಾಡೋಕೆ ಕೆಳಗೆ ಇಳಿದ್ರು. ಅಂಕಲ್ ಕಟ್ಟೆ ತುದೀಲಿ ನಿಂತು ಅವ್ರನ್ನೇ ನೋಡ್ತಿದ್ರು. ಬೇಡ ಅಂತ ಹೇಳ್ಲಿಲ್ಲ. ಫೋನ್ ತೆಗೆದು ಮಾತಾಡ್ತಾ ಆಚೆ ಹೋದ್ರು."

"ಇದನ್ನ ಮೊದಲೇ ಯಾಕಮ್ಮ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್. ನನಗೆ ಯಾರ ಮೇಲೆ ಮನಸ್ಸು ಅಂತ ಮಾತ್ರ ಕೇಳಿದ್ರಿ."

ಸಾಂತಪ್ಪನ ಕಿವಿ ಕೆಂಪಾಯಿತು. ಅವನು ಟೋಪಿ ತೆಗೆದುಕೊಂಡು ಎದ್ದ.

ಮಾರ್ಚ್ 13, ಸಂಜೆ 5.40. ತೀರ್ಥಪ್ರಸಾದನನ್ನು ಅವನ ಮನೆಯ ಜಗಲಿಯಲ್ಲಿ ಬಂಧಿಸಿದರು. ಕೊಲೆಯ ಕಲಂ ತೆಗೆದು 105, ಅಂದರೆ ಕೊಲೆಯಲ್ಲದ ನರಹತ್ಯೆ, ಜೊತೆಗೆ ಸುಳ್ಳು ಸಾಕ್ಷ್ಯ ಹುಟ್ಟಿಸಿದ್ದಕ್ಕೆ ಬೇರೆ ಕಲಂ ಸೇರಿಸಲು ವರದಿ ಹೋಯಿತು. ಮಳೆ ಪುಸ್ತಕ ಜಪ್ತಿಯಾಯಿತು. ಅವನು ಮೊದಲು ಲಿಂಗನ ಹೆಸರು ಹೇಳಿದ. ಕುಡಿದು ಹಲಗೆ ಎತ್ತಿರಬೇಕು, ನಂಗೆ ಗೊತ್ತಿಲ್ಲೆ ಎಂದ. ಗೊತ್ತಿಲ್ಲದವನು ಪುಸ್ತಕದಲ್ಲಿ ಮಳೆ ಯಾಕೆ ಬರೆದೆ ಎಂದು ಸಾಂತಪ್ಪ ಕೈಯೆತ್ತಿ ಗುಡ್ಡ ತೋರಿಸಿದ. ಹಸಿರು ಗುಡ್ಡ. ಒಂದು ಬಿಳಿ ಚುಕ್ಕೆ ಇರಲಿಲ್ಲ. ತೀರ್ಥಪ್ರಸಾದ್ ಹುಟ್ಟಿನಿಂದ ಕಾಫಿ ಬೆಳೆದವನು. ಮತ್ತೆ ಲಿಂಗನ ಹೆಸರು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ತುಳಸಿಯನ್ನು ಕರೆಸಿ ಎಲ್ಲವನ್ನೂ ಹೇಳಬೇಕಾಯಿತು. ಬೆರಳಿನ ವಿಷಯವನ್ನೂ. ದೋಷಾರೋಪ ಪಟ್ಟಿಯಲ್ಲಿ ಅದು ಬಂದೇ ಬರುತ್ತದೆ. ಅಭಿಲಾಷ್ ಬಾಗಿಲ ಹತ್ತಿರ ನಿಂತಿದ್ದ. ತುಳಸಿ ಅವನ ಮುಂದೆ ಹೋಗಿ ನಿಂತರು.

"ಯಾವ ಕೈಲಿ ಬಿಡಿಸಿದೆ?"

ಅವನು ಬಲಗೈ ತೋರಿಸಿದ.

"ನಮ್ಮ ಮನೆ ಕಡೆ ಬರ್ಬೇಡ. ನೀನು ತಪ್ಪು ಮಾಡಿದ್ದೀಯ ಅಂತ ಅಲ್ಲ. ಆ ಕೈ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಸಾಂತಪ್ಪ ಹುಡುಗನಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದ. "ಬಸ್ಸಿಗೆ ಹೊತ್ತಾಯ್ತು, ಹೋಗು," ಎಂದಷ್ಟೇ ಬಂತು. ತಪ್ಪಾಯಿತು ಎನ್ನಲು ಠಾಣೆಯಲ್ಲಿ ನಮೂನೆ ಇಲ್ಲ.

11.30ಕ್ಕೆ ತೀರ್ಥಪ್ರಸಾದನನ್ನು ನ್ಯಾಯಾಲಯಕ್ಕೆ ಕರೆದೊಯ್ದರು. ಘಾಟಿಯ ತಿರುವುಗಳಲ್ಲಿ ಜೀಪು ನಿಧಾನವಾಗಿ ಹತ್ತುತ್ತಿತ್ತು. ಯಾರೂ ಕೇಳದೆಯೇ ಅವನು ಮಾತಾಡಿದ.

"ಅಜ್ಜನ ಕಾಲದಲ್ಲಿ ಅಬ್ಬಿ ಸದ್ದು ಮಾರ್ಚಲ್ಲೂ ಮನೆವರೆಗೆ ಕೇಳ್ತಿತ್ತು ಸಾರ್. ಪುಸ್ತಕದಲ್ಲಿ ಬರೆದಿದ್ದಾರೆ, ನೋಡಿ ಬೇಕಾದ್ರೆ. ಅಪ್ಪ ಕೆರೆ ಕಟ್ಟಿದ್ರು. ಆ ವರ್ಷವೇ ಸದ್ದು ನಿಂತಿತು. ಕಾಫಿ ಚೆನ್ನಾಗಿ ಬಂತು, ನಾವೆಲ್ಲ ತಿಂದು ಬೆಳೆದ್ವಿ. ಬಂದವರು ಒಬ್ಬೊಬ್ರೂ ನಗ್ತಾರೆ. ನಲ್ಲಿ ಅಂತಾರೆ, ಬಕೆಟ್ ಅಂತಾರೆ. ಆ ಹುಡುಗನ ಬಾಯಿ ಮುಚ್ಚಿಸ್ಬೇಕು ಅಂತ ಇತ್ತು. ನಮ್ಮ ಅಬ್ಬಿ ಹೇಗಿತ್ತು ಅಂತ ಒಂದ್ಸಲ ನೋಡ್ಲಿ ಅಂತ."

"ಕೆಳಗಿದ್ದವರು ಕಾಣ್ಲಿಲ್ವಾ?"

"ಕಂಡ್ರು."

ಸ್ವಲ್ಪ ದೂರ ಹೋದ ಮೇಲೆ ಅವನು ಮುಂದಕ್ಕೆ ಬಗ್ಗಿದ.

"ಸಾರ್, ಒಂದು ಉಪಕಾರ. ಆ ಪುಸ್ತಕದಲ್ಲಿ ಮಾರ್ಚ್ ಎರಡರದ್ದು ಹೊಡೆದು ಹಾಕಿ ಸೊನ್ನೆ ಅಂತ ಬರೆಸಿ. ಅರವತ್ತನಾಲ್ಕು ವರ್ಷದಲ್ಲಿ ಅದೊಂದೇ ಸುಳ್ಳು."

"ಜಪ್ತಿಯಾದ ದಾಖಲೆ," ಎಂದ ಸಾಂತಪ್ಪ, ತಿರುಗಿ ನೋಡದೆ. "ತಿದ್ದುವ ಹಾಗಿಲ್ಲ."