ಕೆಂಪು ದಾರದ ಸಿಹಿಗುಂಬಳ

"ಇಲ್ಲ! ನನ್ನ ಕುಂಬಳ ಇಲ್ಲ!"

ಬೀಜದಮ್ಮನ ಕೂಗಿಗೆ ನನ್ನ ಕೈಯಲ್ಲಿದ್ದ ಕ್ಯಾರೆಟ್ ಕಟ್ಟು ನೆಲಕ್ಕೆ ಬಿತ್ತು. ಸುಗ್ಗಿಯ ಭಾನುವಾರ. ತೋಟದ ತುಂಬ ನಮ್ಮಂಥ ಬಿಟ್ಟಿ ಕೆಲಸಗಾರರು, ಹೊಸಬರೂ ಸುಮಾರು ಜನ. ಸಂಬಳ ಕೇಳದೆ ಮಣ್ಣು ಹೊತ್ತು, ಮಧ್ಯಾಹ್ನ ಎಲ್ಲರ ಜತೆ ಕೂತು ಉಂಡು ಹೋಗುವವರು. ಬುಟ್ಟಿ ಬಿಸಾಡಿ ಎಲ್ಲರೂ ಶೆಡ್ಡಿಗೆ ಓಡಿದೆವು.

ಹಲಗೆಗಳ ಮೇಲೆ ಕಿತ್ತಿಟ್ಟ ಸಿಹಿಗುಂಬಳಗಳು ಸಾಲಾಗಿ ಕೂತಿದ್ದವು. ಮೂಲೆಯ ಹುಲ್ಲಿನ ಹಾಸಿಗೆ ಮಾತ್ರ ಖಾಲಿ. ಒಂದು ಗುಂಡಗಿನ ತಗ್ಗು, ಅಷ್ಟೇ. ಬೀಜದಮ್ಮ ಆ ತಗ್ಗಿನಲ್ಲಿ ಅಂಗೈ ಇಟ್ಟು ಕಲ್ಲಿನಂತೆ ನಿಂತಿದ್ದರು.

ಅದು ಅವರ ಅಕ್ಕ ಬದುಕಿಡೀ ಬೆಳೆಸಿಕೊಂಡು ಬಂದ ತಳಿ. ಅಕ್ಕ ತೀರಿಕೊಂಡ ಮೇಲೆ ಉಳಿದ ಬೀಜವನ್ನೆಲ್ಲ ಬೀಜದಮ್ಮ ಈ ವರ್ಷ ಇಲ್ಲಿ ಬಿತ್ತಿದ್ದರು. ಬಳ್ಳಿಗಳಿಗೆ ಬೂದಿರೋಗ ತಗುಲಿ ಒಂದೇ ಒಂದು ಕಾಯಿ ಬಲಿಯಿತು. ಹೊರಗಿನಿಂದ ಅದು ಉಳಿದ ಕುಂಬಳಗಳ ಹಾಗೇ. ಒಳಗಿನ ಬೀಜಕ್ಕೆ ಮಾತ್ರ ಕಾಡಿಗೆ ತೀಡಿದಂಥ ಕಪ್ಪು ಅಂಚು. ಅದನ್ನು ಬೀಜದಮ್ಮ ನಮಗೆ ನೂರು ಸಲ ಹೇಳಿದ್ದರು. ಯಾರೂ ಮುಟ್ಟದಿರಲಿ ಎಂದು ತೊಟ್ಟಿಗೆ ಕೆಂಪು ದಾರ ಕಟ್ಟಿದ್ದರು. ಆ ಕಾಯಿ ಹೋದರೆ ಅಕ್ಕನ ತಳಿಯೇ ಹೋಯಿತು.

"ಕಳ್ಳತನ!" ಎಂದರು ಟೀಚರಮ್ಮ, ಬ್ಯಾಂಡೇಜು ಸುತ್ತಿದ ಬಲಗೈಯನ್ನು ಎದೆಗೊತ್ತಿಕೊಂಡು. "ಇದು ಕಳ್ಳತನ!"

ಈ ಟೀಚರಮ್ಮ ಶಾಲೆ ಬಿಟ್ಟರೂ ಪಾಠ ಬಿಟ್ಟವರಲ್ಲ. ತೋಟಕ್ಕೆ ಯಾರೇ ಹೊಸಬರು ಕಾಲಿಡಲಿ, ಅಡ್ಡಗಟ್ಟಿ ಹೇಳುತ್ತಾರೆ: "ಕುಂಬಳನ ತೊಟ್ಟು ಹಿಡಿದು ಎತ್ತಬೇಡಿ! ಎರಡೂ ಕೈ ಕೆಳಗೆ ಕೊಡಿ! ತೊಟ್ಟು ಮುರಿದದ್ದು ಬೇಗ ಕೊಳೆಯುತ್ತೆ, ಅದು ನೇರ ಅಡುಗೆ ಬುಟ್ಟಿಗೆ!" ನಮಗೆಲ್ಲ ನಿದ್ದೆಯಲ್ಲೂ ಬಾಯಿಪಾಠ.

"ಯಾರೂ ಗೇಟು ದಾಟಬೇಡಿ," ಎಂದಿತು ಹಿಂದಿನಿಂದ ಒಂದು ಗಡಸು ದನಿ.

ನನ್ನ ಅತ್ತೆ! ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನಿದ್ದೆಯ ನಾಟಕ ಆಡುವವನನ್ನು ಗೊರಕೆಯಲ್ಲೇ ಹಿಡಿಯುತ್ತಿದ್ದೆ ಎಂದು ಮನೆಯಲ್ಲಿ ದಿನಾ ಕೊಚ್ಚಿಕೊಳ್ಳುತ್ತಾರೆ. ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಆದರೆ ಅವತ್ತು ಅವರು ಬಂದದ್ದು ನನಗೆ ಹಾಯೆನಿಸಿತು.

ಅತ್ತೆ ಹುಲ್ಲು ಚಿವುಟಿ ನೋಡಿದರು. "ಒದ್ದೆ." ತಲೆಯೆತ್ತಿದರು. ತಗಡಿನ ಸಂದಿಯಲ್ಲಿ ಇಬ್ಬನಿಯ ಹನಿ ತೂಗುತ್ತಿತ್ತು. ಪಕ್ಕದ ಹಲಗೆಯ ಮೇಲೆ ಯಾರೋ ಒಣಹುಲ್ಲು ಹರಡಿದ್ದರು. ಅದರ ಮೇಲೆ ಏನೂ ಇರಲಿಲ್ಲ.

"ಇಲ್ಲಿ ಹೊಸ ಹಾಸಿಗೆ ಹಾಸಿದ್ದು ಯಾರು?"

ನನಗೆ ತಾಳ್ಮೆ ತಪ್ಪಿತು.

"ಹುಲ್ಲು ಕಟ್ಕೊಂಡು ಏನ್ ಮಾಡ್ತೀರ ಅತ್ತೆ? ಕಳ್ಳನ್ನ ಹುಡುಕಿ!" ಎಂದೆ.

"ನೀನು ಸುಮ್ನಿರು. ವ್ಯಾನಿನವನೇ, ಬಾ ಇಲ್ಲಿ. ಬೆಳಿಗ್ಗೆ ಏನೇನು ತಗೊಂಡು ಹೋದೆ?"

"ಆಸ್ಪತ್ರೆ ಅಡುಗೆಮನೆಗೆ ಎಲೆಕೋಸು, ಬೀಟ್‌ರೂಟು. ನನ್ನ ಮೇಲೆ ಅನುಮಾನವಾ? ಕುಂಬಳ ಕದ್ದು ನಾನೇನು ದಿಂಬು ಮಾಡ್ಕೊಳ್ಲಾ?"

"ಶೆಡ್ಡಿಗೆ ಬಂದಿದ್ದೆಯಾ?"

"ಬಂದಿದ್ದೆ. ಪೆಟ್ಟಿಗೆ ಎತ್ಕೊಂಡು ಹೋದೆ. ಆಗ ದಾರ ಕಟ್ಟಿದ್ದು ಇಲ್ಲೇ ಇತ್ತು, ನನ್ನ ಕಣ್ಣಾಣೆ!"

ಮುಂದಿನ ಸರದಿ ಅಡುಗೆಯವನದು. ಅವನೋ, ಬಾಯಿಬಡುಕ. ಒಲೆ ಹಚ್ಚಿಟ್ಟು ಬಂದಿದ್ದೇನೆ ಎಂದು ಕಾಲು ಸುಟ್ಟ ಬೆಕ್ಕಿನಂತೆ ಚಡಪಡಿಸುತ್ತಿದ್ದ.

"ಮೊನ್ನೆ ಆ ಕಾಯಿ ಕೇಳಿದ್ದು ನೀನೇ ಅಲ್ವಾ?"

"ತಮಾಷೆಗೆ ಕೇಳ್ದೆ ಅಮ್ಮಾ! ರಾಜಕುಮಾರನ ಥರ ಮಲಗಿಸಿದ್ದೀರಲ್ಲ, ಸೂಪಿಗೆ ಕೊಡಿ ಅಂದೆ. ಕೆಂಪು ದಾರ ಕಂಡ್ರೆ ನಾನು ಕೈ ಹಿಂದಕ್ಕೆ ಕಟ್ಕೋತೀನಿ. ಈಗ ಬಿಡ್ತೀರಾ? ತರಕಾರಿ ಹೆಚ್ಚೋದೆಲ್ಲ ಬಾಕಿ ಇದೆ."

ಅತ್ತೆ ಬಿಟ್ಟರು. ವ್ಯಾನು, ಚೀಲ, ಗೊಬ್ಬರದ ಗುಂಡಿ ಎಲ್ಲ ಜಾಲಾಡಿದೆವು. ಕೆಂಪು ದಾರದ ಕುಂಬಳ ಎಲ್ಲೂ ಸಿಗಲಿಲ್ಲ. ನಿನ್ನೆವರೆಗೆ ಒಂದೇ ಸಾಲಿನಲ್ಲಿ ಕಳೆ ಕಿತ್ತವರು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡತೊಡಗಿದ್ದೆವು. ನನಗಂತೂ ಅಳುವೇ ಬಂತು.

ಊಟಕ್ಕೆ ಬಿಸಿ ಸೂಪು ಬಂತು. ಬೀಜದಮ್ಮನಿಗೂ ಬಲವಂತ ಮಾಡಿ ಒಂದು ಬಟ್ಟಲು ಕುಡಿಸಿದೆವು. ಟೀಚರಮ್ಮ ಹಸಿವಿಲ್ಲವೆಂದು ಬಟ್ಟಲು ದೂಡಿದರು. ಅತ್ತೆ ಎರಡು ಚಮಚ ಕುಡಿದು, ಬಾಯಿಂದ ಏನನ್ನೋ ತೆಗೆದು ತಟ್ಟೆಯ ಅಂಚಿಗಿಟ್ಟರು. ಅಡುಗೆಯವನ ಮರ್ಯಾದೆ ತೆಗೆಯಬೇಡಿ ಎಂದು ನಾನು ಅವರ ಕಾಲು ಒತ್ತಿದೆ. ಅವರು ಗಮನಿಸಲೇ ಇಲ್ಲ. ಅವರ ಮುಖ ಬಿಳಿಚಿಕೊಂಡಿತ್ತು.

"ಎಲ್ಲರೂ ಚಮಚ ಕೆಳಗಿಡಿ."

"ಯಾಕಮ್ಮಾ? ಉಪ್ಪು ಜಾಸ್ತಿಯಾಯ್ತಾ?" ಅಡುಗೆಯವನು ಓಡಿ ಬಂದ.

"ಈ ಕುಂಬಳ ಎಲ್ಲಿಂದ ತಗೊಂಡೆ?"

"ಎಲ್ಲಿಂದ ಅಂದ್ರೆ? ಅಡುಗೆ ಬುಟ್ಟಿಯಿಂದ. ತೊಟ್ಟು ಮುರಿದವು."

"ಯಾವುದಾದ್ರೂ ಹೊಸದಾಗಿ ಮುರಿದಿತ್ತಾ?"

"ಹೂಂ, ಒಂದು ದೊಡ್ಡದು. ಮುರಿದ ಜಾಗ ಇನ್ನೂ ಹಸಿಹಸಿ."

ಅತ್ತೆ ತಟ್ಟೆಯ ಅಂಚಿನಿಂದ ಅದನ್ನೆತ್ತಿ ಅಂಗೈಯಲ್ಲಿ ಹಿಡಿದರು. ಬೆಂದು ಮೆತ್ತಗಾದ ಒಂದು ಬೀಜ. ಸುತ್ತ ಕಪ್ಪು ಅಂಚು.

ಅಯ್ಯೋ ದೇವರೇ! ಇಡೀ ತೋಟ ಜಾಲಾಡಿದ ನಾವು ಕಳವಾದ ಮಾಲನ್ನು ಚಪ್ಪರಿಸಿ ಕುಡಿದಿದ್ದೆವು. ಬೀಜದಮ್ಮನಿಗೂ ಕುಡಿಸಿದ್ದೆವು.

ಬೀಜದಮ್ಮ ಎದ್ದು ನಿಂತರು. "ಉಳಿದ ಬೀಜ? ತಿರುಳು ಬೀಜ ಎಲ್ಲಿ ಹಾಕ್ದೆ?"

ಅಡುಗೆಯವನು ಕೋಳಿಗೂಡಿನ ಕಡೆ ಕೈ ತೋರಿಸಿದ. "ಕೋಳಿಗೆ... ದಿನಾ ಕೋಳಿಗೇ ಹಾಕೋದು... ಅವಸರದಲ್ಲಿ ಬೀಜ ನೋಡ್ಲೇ ಇಲ್ಲ..."

ಓಡಿದೆವು. ಕೋಳಿಗೂಡಿನಲ್ಲಿ ಬಕೆಟ್ ಮಗುಚಿ ಬಿದ್ದಿತ್ತು. ಕೋಳಿಗಳು ಹೊಟ್ಟೆ ತುಂಬಿ ಮೂಲೆಯಲ್ಲಿ ಕೂತಿದ್ದವು. ನಾವೆಲ್ಲ ಮೊಣಕಾಲೂರಿ ಹಿಕ್ಕೆ, ಕೆಸರು ಎನ್ನದೆ ಕೆದಕತೊಡಗಿದೆವು. ಸಿಕ್ಕಿದ್ದೆಲ್ಲ ಕುಕ್ಕಿ ಬಿಟ್ಟ ಚೂರುಗಳು.

ಅತ್ತೆ ಬಾಗಿಲಲ್ಲೇ ನಿಂತು ನಿಧಾನವಾಗಿ ಹೇಳಿದರು.

"ಕದಿಯೋಕೆ ಬಂದವನು ಕಾಯಿಗೆ ಒಣ ಹಾಸಿಗೆ ಹಾಸ್ತಾನಾ? ಇಲ್ಲ. ಹನಿ ಬೀಳೋದು ನೋಡಿ, ಕಾಯಿ ಕೊಳೆಯದಿರಲಿ ಅಂತ ಪಕ್ಕಕ್ಕೆ ಸರಿಸೋಕೆ ಬಂದವರು ಯಾರೋ. ಎತ್ತುವಾಗ ತೊಟ್ಟು ಮುರಿಯಿತು. ದಾರ ಇದ್ದದ್ದು ತೊಟ್ಟಿಗೇ—ಅದು ಹೋದ್ರೆ ಗುರುತೂ ಹೋಯ್ತು! ಆಮೇಲೆ ಕಾಯಿ ಅಡುಗೆ ಬುಟ್ಟಿಗೆ."

"ಆದ್ರೆ ಇಲ್ಲಿ ತೊಟ್ಟು ಹಿಡಿದು ಯಾರೂ ಎತ್ತಲ್ಲ!" ಎಂದ ವ್ಯಾನಿನವನು. "ನಮಗೆಲ್ಲ ಪಾಠ ಆಗಿದೆ!"

"ಎರಡು ಕೈ ಇದ್ದವರು ಎತ್ತಲ್ಲ," ಎಂದರು ಅತ್ತೆ. "ಒಂದೇ ಕೈ ಇದ್ದವರು?"

ನನ್ನ ಕಣ್ಣು ತಾನಾಗಿ ಆ ಕಡೆ ಹೊರಳಿತು. ಗೂಡಿನ ಕೊನೆಯಲ್ಲಿ, ನಮ್ಮೆಲ್ಲರಿಗಿಂತ ಆಳವಾಗಿ, ಒಂದೇ ಕೈಯಲ್ಲಿ ಕೆಸರು ಬಗೆಯುತ್ತಿದ್ದರು ಟೀಚರಮ್ಮ! ನನಗೆ ನಂಬಲಾಗಲಿಲ್ಲ. ಈ ತೋಟದಲ್ಲಿ ಯಾರು ಬೇಕಾದರೂ ಆಗಿರಲಿ, ಇವರಾ?

"ಇವತ್ತು ಹೊಸಬರು ಅಷ್ಟು ಜನ ಬಂದ್ರು," ಎಂದರು ಅತ್ತೆ. "ನೀವು ಒಬ್ಬರಿಗೂ ತೊಟ್ಟಿನ ಪಾಠ ಹೇಳಲಿಲ್ಲ, ಟೀಚರಮ್ಮ. ಸೂಪೂ ಮುಟ್ಟಲಿಲ್ಲ."

ಟೀಚರಮ್ಮ ಬ್ಯಾಂಡೇಜಿನ ಮಡಿಕೆಗೆ ಬೆರಳು ಹಾಕಿದರು. ಕೆಂಪು ದಾರ ಸುತ್ತಿದ ತೊಟ್ಟು ಹೊರಬಂತು.

"ಹನಿ ಬೀಳ್ತಿತ್ತು... ಒಳ್ಳೇದಕ್ಕೇ ಎತ್ತಿದೆ." ಅವರು ಬೀಜದಮ್ಮನ ಕಡೆ ತಿರುಗಿದರು. "ಮುರೀತು. ಮುರಿದದ್ದು ಬುಟ್ಟಿಗೆ ಅಂತ ಕಂಕುಳಲ್ಲಿ ಅವುಚ್ಕೊಂಡು ಹೋದೆ, ಕೈ ತಾನೇ ಅಲ್ಲಿಟ್ಟುಬಿಡ್ತು. ಹೇಳೋಣ ಅಂತಲೇ ಶೆಡ್ಡಿಗೆ ವಾಪಸ್ ಬಂದೆ. ಅಷ್ಟರಲ್ಲಿ ನೀವು ಕೂಗಿದ್ರಿ, ಎಲ್ಲರೂ ಓಡಿ ಬಂದ್ರು. ಊರಿಗೆಲ್ಲ ಪಾಠ ಹೇಳೋಳು ನಾನೇ ಮುರಿದೆ ಅಂತ ಹೇಗೆ ಹೇಳಲಿ? ಕಳ್ಳತನ ಅನ್ನೋ ಮಾತು ಬಾಯಿಗೆ ಬಂದ್ಬಿಡ್ತು."

"ನಾನು ಚಾಕು ಹಾಕಿದ್ದು ಆ ಗಲಾಟೆ ಎಲ್ಲ ಆದ್ಮೇಲೆ," ಎಂದ ಅಡುಗೆಯವನು, ಮೆಲ್ಲಗೆ.

ಅವನು ಹೇಳಿದ್ದು ಏನೆಂದು ನಮಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ನಾವೆಲ್ಲ ಖಾಲಿ ಹುಲ್ಲಿನ ಸುತ್ತ ನಿಂತು ಕಿರುಚಾಡುವಾಗ ಕುಂಬಳ ಅಡುಗೆಮನೆಯಲ್ಲಿ ಇಡಿಯಾಗಿ ಕೂತಿತ್ತು!

ಟೀಚರಮ್ಮ ಕೆಸರಿನ ಮುಷ್ಟಿ ಚಾಚಿದರು. ಬೆರಳು ಬಿಚ್ಚಿದರೆ ಒಂದು ಬೀಜ. ಕುಕ್ಕದ, ಬೇಯದ ಬೀಜ. ಕಪ್ಪು ಅಂಚು. ಅದೊಂದೇ.

ಬೀಜದಮ್ಮ ಅದನ್ನು ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು. ಬೈಯುತ್ತಾರೆ ಎಂದುಕೊಂಡೆವು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ತೊಟ್ಟು ಮುರಿದ್ರೆ ಬೀಜಕ್ಕೇನಾಗ್ತಿತ್ತು, ಟೀಚರಮ್ಮ?" ಎಂದರು. "ಆಗಲೇ ಹೇಳಿದ್ದಿದ್ರೆ ಒಂದು ಗಳಿಗೆ ಬೈತಿದ್ದೆ. ಅಷ್ಟೇ ತಾನೆ?"

ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಅವರು ಗೂಡಿನಿಂದ ಹೊರಗೆ ನಡೆದರು. ಟೀಚರಮ್ಮ ಕೆಸರಿನಲ್ಲಿ ಮೊಣಕಾಲೂರಿ ಮತ್ತೆ ಹುಡುಕತೊಡಗಿದರು. ಅತ್ತೆ ಒಳಗೆ ಬಂದು, ಮಂಡಿನೋವನ್ನೂ ಲೆಕ್ಕಿಸದೆ, ಅವರ ಪಕ್ಕ ಕೂತರು.