ಲಿಫ್ಟ್ ನಿಲ್ಲಿಸಿದ್ದು ನಾನೇ

“ಅಮ್ಮ, ಇವರು ಶಾಂಭವಿ. ಶಿಕಾಗೋ ಕಡೆಯವರು. ಜಸ್ಟ್ ಕೂಟದ ಫ್ರೆಂಡ್.”

ಜಸ್ಟ್! ಎರಡು ವರ್ಷದ ಪ್ರೀತಿಯನ್ನು ನಿಹಾಲ್ ಅವರಮ್ಮನ ಮುಂದೆ ಮುಗಿಸಿದ್ದು ಹೀಗೆ. ಇವತ್ತು ಹೇಳಿಯೇ ಹೇಳುತ್ತೇನೆ ಅಂದಿದ್ದ. ಅದನ್ನು ನಂಬಿ ಶಿಕಾಗೋ ಪಕ್ಕದ ಪ್ಲೇನ್‌ಫೀಲ್ಡ್‌ನಿಂದ ಹಿಮದಲ್ಲಿ ಡ್ರೈವ್ ಮಾಡಿಕೊಂಡು, ಕನ್ನಡ ಕೂಟದವರ ಜೊತೆ ಡೆಟ್ರಾಯಿಟ್ ಹತ್ತಿರದ ಈ ಸ್ಕೀ ಗುಡ್ಡಕ್ಕೆ ಬಂದಿದ್ದೆ. ಮುಂದಿನ ವಾರ ನನ್ನಪ್ಪ ಇನ್ನೊಬ್ಬ ಹುಡುಗನ ಮನೆಯವರಿಗೆ ಉತ್ತರ ಕೊಡಬೇಕು. ಅದು ಅವನಿಗೂ ಗೊತ್ತು.

ಮೈಯೆಲ್ಲ ಉರಿದುಹೋಯಿತು. ನೇರ ಹೋಗಿ, ಗುಡ್ಡದ ತುದಿಗೆ ಒಯ್ಯುವ ಚೇರ್‌ಲಿಫ್ಟ್ ಹತ್ತಿದೆ. ಅವನೂ ಧಾವಿಸಿ ಬಂದು ಪಕ್ಕದಲ್ಲಿ ಕೂತು, ನಮ್ಮೆದುರಿನ ಕಂಬಿ ಇಳಿಸಿದ. ಹಿಂದಿನ ಕುರ್ಚಿಯಲ್ಲಿ ಅವರಮ್ಮ, ನಿರುಪಮಾ ಆಂಟಿ. ಇಲ್ಲೇ ಹತ್ತಿರದ ಲಿವೋನಿಯಾಕ್ಕೆ ಬಂದು ನೆಲೆಸಿದಾಗಿನಿಂದ ಸ್ಕೀಯಿಂಗಿನಲ್ಲಿ ಪಳಗಿದವರು.

“ಯಾಕೆ ಹಾಗಂದೆ?”

ಅವನು ತಲೆಯ ಮೇಲಿನ ಕೇಬಲ್ ನೋಡಿದ. “ಇದು ಹಳೇ ಟೈಪ್ ಲಿಫ್ಟು. ಕುರ್ಚಿ ಕೇಬಲ್‌ಗೆ ಫಿಕ್ಸ್ ಆಗಿರತ್ತೆ. ದೊಡ್ಡ ರೆಸಾರ್ಟ್‌ಗಳಲ್ಲಾದ್ರೆ ಸ್ಟೇಷನ್ ಬಂದಾಗ ಕುರ್ಚಿ ಕೇಬಲ್ ಬಿಟ್ಟು ಸ್ಲೋ ಆಗತ್ತೆ. ಆರಾಮಾಗಿ ಇಳೀಬಹುದು.”

“ನಿನ್ನ ಥರಾನೇ. ಸ್ಟೇಷನ್ ಬಂದ ಕೂಡ್ಲೇ ಕೈ ಬಿಡೋದು!”

ಓರೆಗಣ್ಣಲ್ಲಿ ನನ್ನನ್ನೇ ನೋಡುತ್ತಿದ್ದ, ಕಳ್ಳ. ಆ ನೋಟಕ್ಕೆ ಕರಗುವ ನನ್ನ ಮೇಲೂ ಸಿಟ್ಟು ಬಂತು.

“ಮಕ್ಕಳಿಗೆ ನೆಲದ ಮೇಲೇ ಓಡೋ ಬೆಲ್ಟ್ ಇರತ್ತೆ. ಮುಚ್ಚಿದ ಡಬ್ಬಿ ಥರದ ಗೊಂಡೋಲಾದಲ್ಲಾದ್ರೆ...”

“ನಿಹಾಲ್! ಮೇಲೆ ಹೋಗಿ ಇಳೀದೇ ಕೂತ್ರೆ ಏನಾಗತ್ತೆ?”

“ಅಡ್ಡ ತಂತಿಗೆ ಕಾಲು ತಾಗಿ ಲಿಫ್ಟೇ ನಿಲ್ಲತ್ತೆ. ಎಲ್ಲಾ ಕುರ್ಚೀನೂ.”

“ಸರಿ ಹಾಗಾದ್ರೆ.” ಕಂಬಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ.

“ಶಾಂಭವಿ, ಬೇಡ! ಅಮ್ಮ ಒಪ್ಪದಿದ್ರೆ ಅಂತ ಭಯ ಆಯ್ತು ಕಣೆ...”

ಇಳಿಯುವ ಜಾಗ ಬಂತು, ಹೋಯಿತು. ಒಮ್ಮೆ ಜಗ್ಗಿ ಲಿಫ್ಟ್ ನಿಂತೇಬಿಟ್ಟಿತು. ಹಿಂದೆ ಇಡೀ ಕೂಟ ಗಾಳಿಯಲ್ಲಿ ತೂಗಾಡುತ್ತಿತ್ತು. ಲಿಫ್ಟ್ ನಡೆಸುವವನು ಕೈಬೀಸುತ್ತ ಓಡಿಬಂದ.

“ಏನಾಯ್ತೋ?” ಆಂಟಿ ಕೂಗಿದರು.

“ಹೇಳು. ಹೇಳೋವರ್ಗೂ ಕಂಬಿ ಎತ್ತಲ್ಲ,” ಅಂದೆ.

ಅವನ ಮುಖ ಕೆಂಪಾಯಿತು. ಹಿಂದಕ್ಕೆ ತಿರುಗಿ ಕೂಗಿದ: “ಅಮ್ಮಾ, ಸುಳ್ಳು ಹೇಳ್ದೆ! ಇವಳು ಬರೀ ಫ್ರೆಂಡ್ ಅಲ್ಲ. ಮದುವೆ ಅಂತ ಆದ್ರೆ ಇವಳನ್ನೇ!”



“ಅದನ್ನ ಕೆಳಗೇ ಹೇಳೋಕೆ ಏನು ಧಾಡಿ ನಿಂಗೆ?” ಆಂಟಿ ರೇಗಿದರು. “ನೀನು ಅವಳನ್ನ ನೋಡೋದು ನೋಡಿದ್ರೆ ಗೊತ್ತಾಗಲ್ವಾ? ಶಾಂಭವಿ, ಕಾಲು ಮರಗಟ್ತಾ ಇದೆ ಕಣಮ್ಮಾ, ಕಂಬಿ ಎತ್ತು!”

ಎತ್ತಿದೆ.

“ನಮ್ಮಪ್ಪಂಗೂ ನೀನೇ ಹೇಳ್ಬೇಕು. ಈಗ್ಲೇ,” ಅಂದೆ, ಇಳಿಯುತ್ತ.

ಫೋನ್ ತೆಗೆಯಲು ಅವನು ಗ್ಲೌಸ್ ಕಳಚಿದ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ಆ ಕೈ ಹಿಡಿದುಕೊಂಡೆ.