ತಾಟಿನ ಮೇಲಿನ ಲಕ್ಷ್ಯ

ನೀಲಾಂಬಿಕಾ ಎಣ್ಣೆಗಾಯಿಯ ತುತ್ತನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಮೊದಲು ಎಳ್ಳು, ಆಮೇಲೆ ಹುಣಸೆಯ ಹುಳಿ, ಕೊನೆಗೆ ಬದನೆಕಾಯಿ. ನಡುವೆ ಪ್ರಯೋಗಾಲಯದ ಪತ್ರವೊಂದು ನೆನಪಾಯಿತು. ತಕ್ಷಣ ಬಾಯಿಯಲ್ಲಿದ್ದದ್ದು ಸಪ್ಪೆಯಾಯಿತು. ಮನಸ್ಸನ್ನು ತುತ್ತಿನ ಕಡೆಗೆ ಎಳೆದು ತಂದಳು. ರುಚಿ ಮರಳಿತು.

ಇದು ಅವಳೇ ಕಂಡುಹಿಡಿದ ಅರಿವುಮಣಿಯ ಕೆಲಸ. ಸಾಸಿವೆ ಕಾಳಿನಷ್ಟು ಸಣ್ಣದು, ದವಡೆಹಲ್ಲಿಗೆ ಅಂಟಿಸುವುದು. ಉಣ್ಣುವಾಗ ಮನಸ್ಸು ಎಲ್ಲಿದೆ ಎಂಬುದನ್ನು ಅದು ಮಿದುಳಿನ ವಿದ್ಯುತ್ ಅಲೆಗಳಿಂದ ತಿಳಿಯುತ್ತದೆ. ಮನಸ್ಸು ಬೇರೆಡೆ ಹೊರಟಿತೋ, ನಾಲಿಗೆಯಿಂದ ಮಿದುಳಿಗೆ ರುಚಿ ಒಯ್ಯುವ ನರವನ್ನು ತಡೆದುಬಿಡುತ್ತದೆ. ಪರದೆ ನೋಡುತ್ತ ಗಬಗಬನೆ ನುಂಗುತ್ತಿದ್ದ ಜನಕ್ಕೆ ಬೇರೆ ದಾರಿ ಉಳಿಯಲಿಲ್ಲ. 2061ರ ಹೊತ್ತಿಗೆ ಧಾರವಾಡದಲ್ಲಿ ಮಣಿ ಇಲ್ಲದ ಬಾಯಿ ಹುಡುಕಬೇಕಿತ್ತು. ಸಕ್ಕರೆ ಕಾಯಿಲೆ ಅರ್ಧಕ್ಕಿಳಿದಿತ್ತು. ಊಟದ ಮನೆಗಳು ಮಾತ್ರ ಪರೀಕ್ಷೆಯ ಕೋಣೆಗಳಂತೆ ಗಪ್ಪಾಗಿದ್ದವು. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ.

ತುತ್ತು ಮುಗಿಸಿ ಕಣ್ಣು ತೆರೆದಾಗ ಎದುರಿಗೆ ಅಣ್ಣ ಚನವೀರಪ್ಪ ಇರಲಿಲ್ಲ. ಕುರ್ಚಿಯ ಪಕ್ಕ ನೆಲದ ಮೇಲೆ ಬಿದ್ದಿದ್ದ.

ಎತ್ತಿದಳು. ಎಪ್ಪತ್ತೆರಡರ ಅಣ್ಣ ಮಗುವಿನಷ್ಟು ಹಗುರವಾಗಿದ್ದ. ವೈದ್ಯರು ಬಂದು ನೋಡಿ, "ರೋಗ ಏನೂ ಇಲ್ರೀ ಮೇಡಂ. ಇವರು ಸರಿಯಾಗಿ ಉಂಡೇ ಇಲ್ಲ. ಭಾಳ ತಿಂಗಳಾಗಿರಬೇಕು," ಎಂದರು. ನೀಲಾಂಬಿಕಾಗೆ ಮೊದಲು ಬಂದದ್ದು ಸಿಟ್ಟು.

"ದಿನಾ ನನ್ನ ಎದರಿಗೇ ಕೂತು ಉಣ್ತಿದ್ದಿಯಲ್ಲ ಅಣ್ಣಾ!"

"ಕೂಡ್ತಿದ್ದೆ."

"ಊಟದ ಮ್ಯಾಲ ಲಕ್ಷ್ಯ ಇಡಬೇಕಿಲ್ಲೋ?"

"ಇಟ್ಟೆ, ತಂಗಿ. ರೊಟ್ಟಿ ಮುರದ ಕೂಡ್ಲೆ ನಿಮ್ಮ ವೈನಿ ನೆನಪಾಗ್ತಾಳ. ನೆನಪಾದ್ಲು ಅಂದ್ರ ರುಚಿ ಹೋತು. ಮಣ್ಣು ಎಷ್ಟಂತ ನುಂಗಲಿ? ಅಕೀನ್ನ ಮರತು ಉಣ್ಣಾಕ ನನ್ನಿಂದ ಆಗಲಿಲ್ಲ."

ವೈನಿ, ಅಂದರೆ ಅತ್ತಿಗೆ ಗುರುಸಿದ್ದವ್ವ, ತೀರಿಕೊಂಡು ಎರಡು ವರ್ಷವಾಗಿತ್ತು.

ಅಣ್ಣನ ಮಣಿ ಕೆಟ್ಟಿರಲಿ ದೇವರೇ ಎಂದುಕೊಳ್ಳುತ್ತಲೇ ನೀಲಾಂಬಿಕಾ ಅದರ ದಾಖಲೆ ತೆರೆದಳು. ಕೆಟ್ಟಿರಲಿಲ್ಲ. ಪರದೆಯ ಹುಚ್ಚಿಗೂ ಹೆಂಡತಿಯ ನೆನಪಿಗೂ ಇರುವ ಭೇದವನ್ನು ಅವಳು ಅದಕ್ಕೆ ಕಲಿಸಿರಲಿಲ್ಲ, ಅಷ್ಟೆ. ಅಣ್ಣನ ಪಟ್ಟಿಯ ಕೆಳಗೆ ಅವಳದೂ ಇತ್ತು. ಎರಡು ವರ್ಷವೂ ಊಟದ ಮೇಲಿನ ಲಕ್ಷ್ಯ ನೂರಕ್ಕೆ ತೊಂಬತ್ತೆಂಟು.

ಲಕ್ಷ್ಯ ಎಂಬ ಪದವನ್ನು ಅವಳು ಕಲಿತದ್ದೇ ವೈನಿಯಿಂದ. ಬಡಿಸಲು ನಿಂತಾಗ ಗುರುಸಿದ್ದವ್ವ ಅನ್ನುತ್ತಿದ್ದಳು: "ಲಕ್ಷ್ಯ ಇರಲಿ, ನೀಲವ್ವಾ." ತನ್ನ ತಾಟಿನ ಮೇಲಲ್ಲ, ಕೂತವರ ತಾಟಿನ ಮೇಲೆ. ಯಾರಿಗೆ ರೊಟ್ಟಿ ತೀರಿತು, ಯಾರು ಸಂಕೋಚ ಮಾಡುತ್ತಿದ್ದಾರೆ, ಯಾರ ಕೈ ನಿಂತಿದೆ. ಆ ಊರಿನ ಮಾತಿನಲ್ಲಿ ಲಕ್ಷ್ಯ ಇಡುವುದೆಂದರೆ ಗಮನಿಸುವುದೂ ಹೌದು, ಕಾಳಜಿ ಮಾಡುವುದೂ ಹೌದು. ಅವಳು ಅರ್ಧ ಅರ್ಥವನ್ನಷ್ಟೇ ಜನರ ಹಲ್ಲಿಗೆ ಅಂಟಿಸಿದ್ದಳು. ನಾಚಿಕೆಯಿಂದ ಅಣ್ಣನ ಮುಖ ನೋಡಲಾಗಲಿಲ್ಲ.

ಮರುದಿನವೇ ಅವನ ಮಣಿ ತೆಗೆಸಿದಳು. ಎರಡು ವರ್ಷ ತಡೆಹಿಡಿದ ನರ ಆ ವಯಸ್ಸಿನಲ್ಲಿ ಮತ್ತೆ ಎಚ್ಚರಗೊಳ್ಳಲಿಲ್ಲ. ತಿಂಗಳು ಕಾದರು. ಇನ್ನು ರುಚಿ ಬರುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಇಷ್ಟು ದಿನ ಖಾನಾವಳಿಯಿಂದ ಬರುತ್ತಿದ್ದ ರೊಟ್ಟಿಯನ್ನು ಒಂದು ಮಧ್ಯಾಹ್ನ ಅವಳೇ ಬಡಿದಳು. ಅಂಚೆಲ್ಲ ಹರಿದಿತ್ತು. ಅಣ್ಣ ಮುರಿದು ಬಾಯಿಗಿಟ್ಟು, "ಛಲೋ ಆಗೇತಿ," ಎಂದ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

"ನಿಮ್ಮ ವೈನಿನೂ ಮೊದಮೊದಲ ಹಿಂಗ ಬಡೀತಿದ್ಲು."

ತಾನೂ ಒಂದು ತುತ್ತು ಬಾಯಿಗಿಟ್ಟ ನೀಲಾಂಬಿಕಾ ಅವನ ತಾಟಿನಿಂದ ಕಣ್ಣು ತೆಗೆಯಲಿಲ್ಲ. ಅವಳ ಹಲ್ಲಿನಲ್ಲಿ ಮಣಿ ಇನ್ನೂ ಇತ್ತು; ತನ್ನ ಕೆಲಸ ತಾನು ಮಾಡಿತು. ಬಾಯಿಯಲ್ಲಿದ್ದ ರೊಟ್ಟಿ ಮಣ್ಣಾಯಿತು. ಅಣ್ಣ ಉಂಡದ್ದು ಇದನ್ನೇ ಎಂದು ಅವಳಿಗೆ ಆಗ ತಿಳಿಯಿತು. ಅವಳು ಮನಸ್ಸನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಹಾಗೆಯೇ ಅಗಿದು ನುಂಗಿದಳು.

"ಇನ್ನೊಂದು ಹಾಕ್ಲೇನಣ್ಣಾ?"

ಆ ಮನೆಯಲ್ಲಿ ಎರಡು ವರ್ಷದಿಂದ ಯಾರೂ ಕೇಳಿರದ ಮಾತು ಅದು.

ಅಂಥ ಮಣಿ ಇನ್ನೂ ಹುಟ್ಟಿಲ್ಲ. ಸದ್ಯಕ್ಕೆ ನಮ್ಮ ಹಲ್ಲು ನಮ್ಮದೇ. ಆದರೂ ಇವತ್ತು ನಮ್ಮ ಎದುರಿಗೆ ಕೂತವರು ಎಷ್ಟು ಉಂಡರೆಂದು ಕೇಳಿದರೆ, ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?